ಎರಡನೇ ಸೀಟು ಯಾರದು

ಮನೆಯಲ್ಲಿ ವಿಮಾನ ಕಟ್ಟಲು ಕೂತವನು ನಗುವಿಗಾಗಿ ಎಲ್ಲೂ ಹೋಗಬೇಕಾಗಿಲ್ಲ. ಅದೇ ಗೇಟು ತೆಗೆದುಕೊಂಡು ಒಳಗೆ ಬಂದು, ಚಹಾ ಕುಡಿದೇ ಹೋಗುತ್ತದೆ. ನಾನು ರಾಯಚೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಸಣ್ಣಂದಿನಿಂದ ವಿಮಾನದ ಹುಚ್ಚು. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಪುಟ್ಟ ವಿಮಾನವೊಂದನ್ನು ಕಡೆಗೂ ತರಿಸಿಯೇಬಿಟ್ಟೆ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿದ ದಿನ ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಅದಕ್ಕೆ ಎರಡು ಸೀಟು. ಒಂದು ನನ್ನದು. ಇನ್ನೊಂದರಲ್ಲಿ ನನ್ನ ಹೆಂಡತಿ ಕೂರಬೇಕು ಎಂಬುದೊಂದೇ ನನ್ನ ಆಸೆ. ಅವಳ ಉತ್ತರವೂ ಒಂದೇ: “ಪಂಪ್‌ಸೆಟ್ ಕೆಟ್ರ ಬಾವ್ಯಾಗ ನಿಂದರತದ. ಇದು ಕೆಟ್ರ ಎಲ್ಲಿ ನಿಂದರತದ್ರೀ? ನಾ ಒಲ್ಲೆ.”

ಅಳತೆ

ರೆಕ್ಕೆಯ ಪಟ್ಟಿಗಳ ಮೇಲೆ ಅಂಟು ಹಚ್ಚಿ ಬಟ್ಟೆ ಹೊದಿಸಿ, ಅಲ್ಲಲ್ಲಿ ದಾರದಿಂದ ಹೊಲಿಯಬೇಕು. ನನ್ನ ಕೈ ನಟ್ಟು ಬಿಗಿಯುವ ಪಾನಾ ಹಿಡಿಯಲು ಸರಿ, ಸೂಜಿಗಲ್ಲ. ಬಜಾರಿನಿಂದ ನಮ್ಮ ಟೇಲರ್ ಚಾಚಾ ಅವರನ್ನು ಕರೆತಂದೆ. ಅವರು ಕೊರಳಿನ ಟೇಪು ತೆಗೆದು ರೆಕ್ಕೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದರು.

“ಫಿಟ್ಟಿಂಗ್ ಬೇಕೋ, ಸ್ವಲ್ಪ ಲೂಸ್ ಬಿಡ್ಲೋ?”

“ಬಿಗಿನ ಇರಬೇಕ್ರೀ ಚಾಚಾ. ಲೂಸ್ ಆದ್ರ ನಾ ಕೆಳಗ ಬೀಳ್ತೀನಿ.”

“ಎಲ್ಲಾರೂ ಈಗ ಹಂಗ ಅಂತಾರ. ಮುಂದ ಮೈ ಬಂದ್ರ?”

“ರೆಕ್ಕಿಗೆ ಮೈ ಬರಾಂಗಿಲ್ರೀ.”

ಚಾಚಾಗೆ ನಂಬಿಕೆ ಬರಲಿಲ್ಲ. ಆದರೂ ಕೂತು ಹೊಲಿದರು ನೋಡಿ, ಮದುವೆ ಶೇರ್ವಾನಿಗೂ ಅಷ್ಟು ಚೆಂದದ ಹೊಲಿಗೆ ಬೀಳುವುದಿಲ್ಲ. ನಾನು ಕೈಮುಗಿದೆ. ಹೋಗುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಒಳಗ ಎರಡಿಂಚು ಮಡಚಿ ಬಿಟ್ಟೀನಿ. ಬೇಕಾದಾಗ ಬಿಚ್ಚಿಸಿಕೊಳ್ರಿ.”

ಪೂಜೆ

ನಮ್ಮ ಕಡೆ ಹೊಸ ಗಾಡಿ ಬಂದರೆ ಮೊದಲು ದೇವಸುಗೂರಿನ ಗುಡಿಗೆ ಒಯ್ದು ಪೂಜೆ ಮಾಡಿಸಬೇಕು. ಪಕ್ಕದ ಮನೆಯ ಅಜ್ಜಿ ದಿನಾ ಶೆಡ್ಡಿಗೆ ಬಂದು ಅದನ್ನೇ ನೆನಪಿಸುತ್ತಿದ್ದಳು.

“ಪೂಜಿ ಆಗೂತನ ಮ್ಯಾಲ ಹಾರಿಸಬ್ಯಾಡ ಮತ್ತ.”

“ಅಲ್ಲೀತನ ಒಯ್ಯೂದು ಹೆಂಗಬೇ ಯವ್ವಾ? ರೆಕ್ಕಿ ಹಚ್ಚಿದ್ರ ರಸ್ತಾದಾಗ ಹಿಡಿಸಾಂಗಿಲ್ಲ.”

“ಹಾರಿಸಿಕೊಂಡು ಹೋಗು.”

“ಪೂಜಿ ಆಗದ ಹಾರಿಸಬ್ಯಾಡ ಅಂದಿ?”

ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಯೋಚಿಸಿದಳು. “ಹಂಗಾದ್ರ ಕೆಳಗ ಕೆಳಗ ಹಾರಿಸಿಕೊಂಡು ಹೋಗು. ಅದು ಲೆಕ್ಕಕ್ಕ ಬರಾಂಗಿಲ್ಲ.”

ರನ್‌ವೇ

ಇಂಜಿನ್ ಕೂರಿಸಿದ ಮೇಲೆ ಓಡಿಸಿ ನೋಡಲು ಸಪಾಟು ಜಾಗ ಬೇಕಾಯಿತು. ದೇವದುರ್ಗದ ಹತ್ತಿರ ನಮ್ಮ ಮಾವನವರ ಹೊಲ ಇದೆ. ಕೇಳಿದ್ದೇ ತಡ, ಒಂದು ಉದ್ದನೆಯ ಪಟ್ಟಿ ಬಿಟ್ಟುಕೊಡಲು ಒಪ್ಪಿದರು. ಅಷ್ಟೇ ಅಲ್ಲ, ರಾಯಚೂರಿಗೆ ಬಂದು ವಿಮಾನದ ಗಾಲಿಯಿಂದ ಗಾಲಿಗೆ ಹಗ್ಗ ಹಿಡಿದು ಅಳತೆ ಕೂಡ ಮಾಡಿಕೊಂಡು ಹೋದರು. ಎಂಥ ಮಾವ ಸಿಕ್ಕಿದ್ದಾರೆ ಎಂದು ನನ್ನ ಎದೆ ಉಬ್ಬಿತು.

ಕೆಲವು ವಾರಗಳ ನಂತರ ಫೋನು: “ಅಳ್ಯಾರ, ನೆಲ ತಯಾರದ, ಬರ್ರಿ.” ಹೋಗಿ ನೋಡಿದರೆ ರನ್‌ವೇ ತುಂಬ ಹೆಸರುಕಾಳಿನ ಸಸಿಗಳು ಗಾಳಿಗೆ ತೂಗುತ್ತಿವೆ.

“ಮಾವಾರ, ಇದೇನ್ರೀ?”

“ಇಷ್ಟು ಹದ ಆದ ಭೂಮಿ ಖಾಲಿ ಬಿಡಾಕ ಮನಸ್ಸು ಬರಲಿಲ್ರೀ.”

“ನಾ ವಿಮಾನ ಎಲ್ಲಿ ಓಡಿಸಲಿ?”

ಅವರಿಗೆ ಬೇಸರವೇ ಆಯಿತು. “ನಿಮ್ಮ ಗಾಲಿ ಅಳತಿ ನೋಡೇ ಸಾಲು ಬಿಟ್ಟೀನಲ್ರೀ. ರೆಕ್ಕಿ ಹೆಂಗೂ ಬೆಳಿಗಿಂತ ಎತ್ತರ ಅದಾವ.”

ಕರ್ಚೀಪು

ಹೆಸರು ಕೊಯ್ಲಾದ ಮೇಲೆ, ರೆಕ್ಕೆ ಬಿಚ್ಚಿ ವಿಮಾನವನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಸಾಗಿಸಿ, ಅಲ್ಲೇ ಮತ್ತೆ ಜೋಡಿಸಿದೆ. ಆ ದಿನ ಬಂತು. ಹಾರಿಸಲು ಪರವಾನಗಿ ಇನ್ನೂ ಬರಬೇಕು, ಅಂದು ನೆಲದ ಮೇಲೆ ಓಡಿಸುವುದಷ್ಟೇ. ಆದರೂ ಊರಿಗೆ ಊರೇ ಹೊಲದ ಬದುವಿನ ಮೇಲೆ ನಿಂತಿತ್ತು. ಇಂಜಿನ್ ಗುರ್ರೆಂದು ಶುರುವಾದಾಗ ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ. ಒಬ್ಬನೇ ಹೊಲದ ಕೊನೆ ಮುಟ್ಟಿ ಬಂದೆ. ಮುಖದ ತುಂಬ ನಗು.

ಇಂಜಿನ್ ಆರಿಸಿ ಇಳಿದವನು ಸೀದಾ ಹೆಂಡತಿಯ ಹತ್ತಿರ ಹೋದೆ. “ಒಂದ ಸುತ್ತು ಬಾ. ನೆಲ ಬಿಡಾಂಗಿಲ್ಲ.”

“ಒಲ್ಲೆ ಅಂದ್ರ ಒಲ್ಲೆ.”

ನಿಜ ಹೇಳುತ್ತೇನೆ, ಅಷ್ಟು ಖುಷಿಯಲ್ಲೂ ಬೇಜಾರಾಯಿತು. ವಿಮಾನದ ಕಡೆ ತಿರುಗಿದೆ. ನೋಡುತ್ತೇನೆ, ಎರಡನೇ ಸೀಟಿನ ಮೇಲೆ ಹೂವಿನ ಕರ್ಚೀಪು.

ನನ್ನ ತಂಗಿಯದು. ಅವಳನ್ನು ಮಾನ್ವಿಗೆ ಕೊಟ್ಟಿದ್ದೇವೆ. ರಾಯಚೂರಿನ ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನ ಓಡಾಟ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಪು ಎಸೆದು ಸೀಟು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಮ್ಮ ಕಡೆ ಬಟ್ಟೆ ಯಾರದೋ ಸೀಟು ಅವರದು, ಕಂಡಕ್ಟರನೂ ಮಾತಾಡುವುದಿಲ್ಲ.

“ಅಣ್ಣಾ, ಅತ್ತಿಗಿ ಹೆಂಗೂ ಒಲ್ಲೆ ಅನ್ನಾಕತ್ತಾರ. ನಾ ಕರ್ಚೀಪ್ ಹಾಕೀನಿ, ನಡಿ.”

ಹೆಂಡತಿ ಅದನ್ನು ಕೇಳಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಸರ ಬಂದಳು. ಕರ್ಚೀಪನ್ನು ಎರಡು ಬೆರಳಲ್ಲಿ ಎತ್ತಿ ತಂಗಿಯ ಕೈಗಿಟ್ಟಳು.

“ಇದನ್ನ ಬಸ್ಸಿಗೆ ಹಾಕವ್ವಾ. ಇಷ್ಟು ದಿನ ಇದರ ಅಂಟಿನ ವಾಸನಿ ಕುಡದು ಬಾಳೇವು ಮಾಡಿದಾಕಿ ನಾನು.”

ಹತ್ತಿ ಕೂತೇಬಿಟ್ಟಳು. ಬೆಲ್ಟು ಕಟ್ಟುವಾಗ ನನ್ನ ಕೈಗೆ ಬಕಲ್ಲೇ ಸಿಗುತ್ತಿರಲಿಲ್ಲ. ವಿಮಾನ ಓಡಿತು. ಮೊದಲು ನನ್ನ ತೋಳು ಗಟ್ಟಿಯಾಗಿ ಹಿಡಿದಳು, ಆಮೇಲೆ ಬಿಟ್ಟಳು, ಆಮೇಲೆ ನಗತೊಡಗಿದಳು. ಹೊಲದ ಕೊನೆಯಲ್ಲಿ ತಿರುಗಿಸಿಕೊಂಡು ಜನರ ಹತ್ತಿರ ಬರುತ್ತ ನಾನು ವೇಗ ಇಳಿಸಿದೆ. ಎದುರಿಗೆ ಮಾವನವರು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ಹೆಂಡತಿ ನನ್ನ ಕಿವಿಯ ಹತ್ತಿರ ಬಾಗಿ ಕೂಗಿದಳು: “ನಿಂದರಸಬ್ಯಾಡ್ರಿ, ಹಂಗ ತಿರುಗಸ್ರಿ. ಇಳಿದ್ನೆಂದ್ರ ನಮ್ಮಪ್ಪ ಟವೆಲ್ ಹಾಕ್ತಾನ.”