ರುಂಡ ಬಿದ್ದಲ್ಲಿ ಬಸ್ ಸ್ಟಾಪು

ತಲೆಬುಡವಿಲ್ಲದ ಪ್ರಸಂಗಗಳಿಗೆ ನಮ್ಮ ಆಳಂದ ತಾಲ್ಲೂಕಿನಲ್ಲಿ ಎಂದೂ ಕೊರತೆಯಿಲ್ಲ. ಎಂಬತ್ತರ ದಶಕದಲ್ಲಿ ನಾನೊಂದು ಹಳ್ಳಿಯ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದಾಗ ನಡೆದ ಇವುಗಳಿಗಂತೂ ನಿಜವಾಗಿಯೂ ತಲೆಯಿರಲಿಲ್ಲ.

೧. ಉರುಳಿದ ತಲೆ

ಬಸ್ಸು ಶಾಲೆಯ ಮುಂದೆಯೇ ಧೂಳೆಬ್ಬಿಸಿ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಎರಡು ಮೈಲಿ ಮುಂದೆ ಕ್ರಾಸಿನಲ್ಲಿ ಇಳಿದು ಮಾಸ್ತರರೆಲ್ಲ ಹಿಂದಕ್ಕೆ ನಡೆಯಬೇಕು. ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು: ಊರಿನ ದಂತಕಥೆಯೊಂದನ್ನು ಹಿಡಿದು ನಡಿಗೆಯ ದಾರಿ ಮಾಡಿ, ದಾರಿ ಶುರುವಾಗುವಲ್ಲಿ ಬಸ್ಸು ನಿಲ್ಲಿಸಲಾಗುವುದು.

ನಮ್ಮ ಕಥೆ ಭಯಂಕರದ್ದು. ವೀರನೊಬ್ಬನನ್ನು ಸ್ವಂತ ಅಣ್ಣನೇ ಊಟಕ್ಕೆ ಕರೆದು, ಕೈ ತೊಳೆಯಲು ಬಗ್ಗಿದಾಗ ಕತ್ತು ಕಡಿದನಂತೆ. ರುಂಡ ಅಲ್ಲೇ ಬಿತ್ತು. ಮುಂಡ ಮಾತ್ರ ಎದ್ದು, ಎರಡು ಮೈಲಿ ನಡೆದು, ತಾಯಿಯ ಬಾಗಿಲಲ್ಲಿ ಬಿತ್ತು. ರುಂಡ ಬಿದ್ದದ್ದು ನಮ್ಮ ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೇ ಎಂದು ನಾನು ಇತಿಹಾಸ ಬರೆದೆ.

ಪಕ್ಕದ ಹೊಲದ ಚಾಚಾ ತಕರಾರು ತೆಗೆದರು. “ಮಾಸ್ತರ್ರ, ರುಂಡ ಬಿದ್ದದ್ದು ಹಳ್ಳದ ದಂಡಿಗಿ ಅಂತ ನಮ್ಮ ಅಜ್ಜ ಹೇಳ್ತಿದ್ದ.”

“ಹಳ್ಳದ ದಂಡಿಗಿ ಬಸ್ ಬರ್ತದೇನ್ರಿ ಚಾಚಾ?”

ಚಾಚಾ ಗಡ್ಡ ನೀವಿಕೊಂಡರು. “ಹಂಗಾದ್ರ ಉರುಳ್ಕೋತ ಬಂದಿರಬೇಕು ಬಿಡ್ರಿ.”

೨. ಒಂದಕ್ಷರ

ಒಂದು ತುದಿಗೆ ‘ರುಂಡ ಬಿದ್ದ ಜಾಗ’, ಇನ್ನೊಂದು ತುದಿಗೆ ‘ಮುಂಡ ಬಿದ್ದ ಜಾಗ’ ಎಂದು ಬೋರ್ಡು ಬರೆಯಲು ಪೇಂಟರನಿಗೆ ಹೇಳಿದ್ದೆ. ಪುಣ್ಯಾತ್ಮ ಎರಡಕ್ಕೂ ಮುಂಡವನ್ನೇ ಬರೆದಿದ್ದ.

“ಲೇ, ಒಬ್ಬಗ ಎರಡು ಮುಂಡ ಎಲ್ಲಿಂದ ಬಂದ್ವೋ?”

“ಒಂದ ಅಕ್ಷರಕ್ಕ ಅಷ್ಟ್ಯಾಕ ಸಿಟ್ಟಾಗ್ತೀರಿ ಸರ? ತಲಿ ಹೋದಾಂವ ಬೋರ್ಡು ಓದ್ತಾನೇನ್ರಿ?”

ತಿದ್ದಿಸಲು ಪುರುಸೊತ್ತಾಗಲಿಲ್ಲ. ದಾರಿ ನೋಡಿ ಸ್ಟಾಪಿಗೆ ಒಪ್ಪಿಗೆ ಕೊಡಲು ಮರುದಿನವೇ ಮೇಲಿನ ಸಾಹೇಬರು ಬರುವವರಿದ್ದರು.

೩. ದಾರಿ ಗೊತ್ತಿದ್ದವ

ಸಾಹೇಬರು ಬೆಂಗಳೂರು ಕಡೆಯವರು. ಬಿಸಿಲಲ್ಲಿ ಕೊಡೆ ಹಿಡಿದು ನಡೆದರು. ಪುಣ್ಯಕ್ಕೆ ಬೋರ್ಡು ನೋಡಲಿಲ್ಲ. ಅರ್ಧ ದಾರಿಯಲ್ಲಿ ತಟ್ಟನೆ ನಿಂತರು.

“ಅಲ್ರೀ ಮೇಷ್ಟ್ರೇ, ತಲೆಯಿಲ್ಲದೆ ಎರಡು ಮೈಲಿ ಹೇಗೆ ನಡೆದ? ದಾರಿ ಹೇಗೆ ಗೊತ್ತಾಯ್ತು?”

ನಮ್ಮ ಸ್ಟಾಪು ಕೈತಪ್ಪಿ ಹೋಯಿತು ಎಂದುಕೊಂಡೆ. ಹಿಂದಿನಿಂದ ಚಾಚಾ ಬಾಯಿ ಹಾಕಿದರು: “ಸಾಹೇಬ್ರ, ಅಂವ ಸರ್ಕಾರಿ ನೌಕರ ಇದ್ನಂತ್ರಿ. ನಡಿ ಅಂತ ಹುಕುಂ ಆಗಿತ್ತು, ನಡದಾನ. ಅದಕ್ಯಾಕ ತಲಿ ಬೇಕ್ರಿ?”

ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. “ಸರಿ, ಇದು ನಂಬುವಂಥ ಮಾತು” ಎಂದು ಅಲ್ಲೇ ಸಹಿ ಹಾಕಿದರು.

೪. ಸ್ಟಾಪ್ ಬಂತು

ಕೊನೆಗೂ ಬಸ್ಸು ಶಾಲೆಯ ಮುಂದೆ ನಿಂತಿತು. ಕಂಡಕ್ಟರ್ ಕಿಟಕಿಯಿಂದ ಬೋರ್ಡು ಓದಿಕೊಂಡ. ಮರ್ಯಾದಸ್ಥ ಮನುಷ್ಯ, ಬಸ್ಸಿನ ತುಂಬ ಹೆಂಗಸರು. ‘ಮುಂಡ’ ಎಂದು ಕೂಗಿದರೆ ಯಾರಿಗೋ ಬೈದಂತಾದೀತು. ಕ್ಷಣ ಯೋಚಿಸಿ, ಸಭ್ಯವಾದ ಮಾತು ಹುಡುಕಿ, ಸೀಟಿ ಊದಿ ಕೂಗಿದ:

“ತಲಿ ಇಲ್ಲದವ್ರು ಇಳೀರಿ!”

ಇಡೀ ಬಸ್ಸು ತಿರುಗಿ ನೋಡಿತು. ಹೆಡ್‌ಮಾಸ್ತರರನ್ನು ಮುಂದಿಟ್ಟುಕೊಂಡು ನಾವು ಐದೂ ಜನ ಮಾಸ್ತರರು ಸಾಲಾಗಿ ಇಳಿದೆವು.