ಸಿಪಾಯಿಗೆ ಊಟ ಮಾಡು ಎಂದ ಮಾವ್ಶಿ

ಸಿನಿಮಾದವರು ನಮ್ಮ ಮಾವ್ಶಿಯ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ನಾಯಕಿಯರು ಬದುಕಿಕೊಳ್ಳುತ್ತಿದ್ದರು. ಎದೆಗೆ ಗುಂಡು ಬಿದ್ದ ನಾಯಕರು ಅಷ್ಟುದ್ದದ ಭಾಷಣ ಬಿಗಿಯುವ ಬದಲು ಬಾಯಿ ಮುಚ್ಚಿ ಮಲಗಿ ಆಂಬುಲೆನ್ಸಿಗೆ ಕಾಯುತ್ತಿದ್ದರು. ಅವಳು ಹೇಳಲಿಲ್ಲ ಅಂತಲ್ಲ. ಥಿಯೇಟರಿನಲ್ಲಿ ಕೂತು ಮೂರು ಸಾಲಿಗೆ ಕೇಳುವ ಹಾಗೆ ಹೇಳುತ್ತಾಳೆ. ಪರದೆಯ ಮೇಲಿದ್ದವರಿಗೆ ಕೇಳಿಸುವುದಿಲ್ಲ, ಅದೊಂದೇ ತೊಂದರೆ!

ಮಾವ್ಶಿ ಅಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮನ ತಂಗಿ. ಕುಂದಾಪುರದ ಕಡೆಯವಳು. ಅಬುಧಾಬಿಯಲ್ಲಿ ಮೂವತ್ತು ವರ್ಷದಿಂದ ನರ್ಸ್. ಖಾಲಿದಿಯಾದಲ್ಲಿ ಒಂದು ಕೋಣೆಯ ಫ್ಲ್ಯಾಟ್, ಕಿಟಕಿಯಲ್ಲಿ ಎರಡು ತುಳಸಿ ಕುಂಡ. "ಪೂಜೆಗಲ್ಲ, ಕೆಮ್ಮಿಗೆ" ಎಂದು ಬಂದವರಿಗೆಲ್ಲ ತಾನಾಗಿಯೇ ವಿವರಿಸುತ್ತಾಳೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ "ಆ ದಿನ ಡ್ಯೂಟಿ ಇತ್ತು" ಅನ್ನುತ್ತಾಳೆ. ಯಾವ ದಿನ ಅಂತ ಯಾರೂ ಕೇಳಿದ್ದಿಲ್ಲ.

ಶುಕ್ರವಾರ ರಜೆ ಸಿಕ್ಕಿದರೆ ಬಸ್ಸು ಹತ್ತಿ ದುಬೈಗೆ, ಅಲ್ ಮುರಕ್ಕಬಾತಿನ ನಮ್ಮ ಮನೆಗೆ ಬರುತ್ತಾಳೆ. ಚಪ್ಪಲಿ ಬಿಡುವ ಮೊದಲೇ "ನಾಲಗೆ ತೋರಿಸು" ಅನ್ನುತ್ತಾಳೆ. ತೋರಿಸಿದ ಮೇಲೆ "ನೀರು ಕುಡಿಯುವುದಿಲ್ಲ ನೀನು" ಎಂಬ ತೀರ್ಪು. ನನ್ನ ಗಂಡನಿಗೆ ಆ ದಿನ ಆಫೀಸಿನಲ್ಲಿ ಇದ್ದಕ್ಕಿದ್ದಂತೆ ಕೆಲಸ ಬೀಳುತ್ತದೆ.

ಅವರಿಗೂ ಕಾರಣವಿದೆ. ಒಮ್ಮೆ ಮೂವರೂ ಒಂದು ಹಿಂದಿ ಸಿನಿಮಾಕ್ಕೆ ಹೋಗಿದ್ದೆವು. ಡಾಕ್ಟರು ನಾಯಕಿಗೆ ಇಂಜೆಕ್ಷನ್ ಕೊಡುವ ದೃಶ್ಯ. ಮಾವ್ಶಿ ಎದ್ದು ನಿಂತು, "ಗಾಳಿ ತೆಗಿ ಮಾರಾಯಾ, ಸಿರಿಂಜಿನಲ್ಲಿ ಗಾಳಿ ಇದೆ" ಅಂದಳು. ಹಿಂದಿನ ಸಾಲಿನವನೊಬ್ಬ ಹಿಂದಿಯಲ್ಲಿ, "ಆಂಟಿ, ಕೂತುಕೊಳ್ಳಿ" ಅಂದ. ಮಾವ್ಶಿ ತಿರುಗಿ, "ಅವಳು ಸತ್ತರೆ ನೀವು ಜವಾಬ್ದಾರರಾ?" ಎಂದು ಕೇಳಿದಳು. ಎರಡೇ ನಿಮಿಷ. ನಾಯಕಿ ಸತ್ತಳು. ಮಾವ್ಶಿ ತಿರುಗಿ ಆತನನ್ನು ಒಮ್ಮೆ ನೋಡಿದಳು ಅಷ್ಟೆ. ಪಾಪ, ಆತ ತಲೆ ತಗ್ಗಿಸಿದ!

"ನಿನ್ನ ಮಾವ್ಶಿಯ ಜೊತೆ ಸಿನಿಮಾಕ್ಕೆ ಹೋಗುವುದಕ್ಕಿಂತ ವೀಸಾ ಮೆಡಿಕಲ್ ಕ್ಯೂನಲ್ಲಿ ನಿಲ್ಲುವುದು ಸುಖ" ಎಂದು ನಮ್ಮವರು ಅವತ್ತೇ ಘೋಷಿಸಿದರು. ಆಮೇಲೆ ಆ ಭಾಗ್ಯ ನನ್ನೊಬ್ಬಳದಾಯಿತು.

ಹಾಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಮಿರ್ದಿಫ್ ಕಡೆಯ ಮಾಲಿಗೆ ಹೋಗಿದ್ದೆವು. ನನಗೆ ಒಂದು ಹಾಸ್ಯದ ಸಿನಿಮಾ ನೋಡಬೇಕಿತ್ತು. ಮಾವ್ಶಿ ಇನ್ನೊಂದು ಪೋಸ್ಟರಿನ ಮುಂದೆ ನಿಂತುಬಿಟ್ಟಳು. ಯುದ್ಧದ ಸಿನಿಮಾ. ಹೆಲ್ಮೆಟ್ ಹಾಕಿದ ಹತ್ತೊಂಬತ್ತರ ಹುಡುಗನ ಮುಖ.

"ಇವನಿಗೆ ರಕ್ತ ಕಡಿಮೆ ಇದೆ" ಅಂದಳು.

"ಮಾವ್ಶಿ, ಅದು ಮೇಕಪ್."

"ಕಣ್ಣಿನ ಕೆಳಗೆ ನೋಡು. ಬಾ, ಏನಾಗುತ್ತದೆ ನೋಡೋಣ."

ಹೀಗೆ ರಕ್ತಹೀನತೆಯ ಕಾರಣಕ್ಕೆ ಯುದ್ಧದ ಸಿನಿಮಾ ನೋಡಲು ಹೋದವರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು.

ಸಿನಿಮಾದಲ್ಲಿ ಯುದ್ಧ ಬೇಗ ಬರಲೇ ಇಲ್ಲ. ಆ ಹುಡುಗ ಸೈನ್ಯಕ್ಕೆ ಸೇರಿದ್ದಾನೆ, ಕಂದಕದಲ್ಲಿ ಕೂತಿದ್ದಾನೆ, ಬೆಳಗಾದರೆ ಅವನ ಮೊದಲ ಕಾಳಗ. ಅಷ್ಟೇ ಕಥೆ. ಬೂಟು ಒರೆಸುತ್ತಾನೆ. ಅಮ್ಮನಿಗೆ ಕಾಗದ ಬರೆಯುತ್ತಾನೆ, ಹರಿಯುತ್ತಾನೆ. ಯಾರೋ ತಟ್ಟೆಯಲ್ಲಿ ಊಟ ಕೊಟ್ಟರೆ ಪಕ್ಕಕ್ಕಿಡುತ್ತಾನೆ. ಅಲ್ಲಿಯವರೆಗೆ ಮಾವ್ಶಿ ಹೇಗೋ ತಡೆದುಕೊಂಡಿದ್ದಳು.

"ತಿನ್ನು ಪುತಾ" ಅಂದಳು ಕೊಂಕಣಿಯಲ್ಲಿ. ಪುತಾ ಅಂದರೆ ಮಗನೇ ಅಂತ. "ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ತಲೆ ತಿರುಗುತ್ತದೆ."

ಮುಂದಿನ ಸಾಲಿನವರು ಶ್ ಅಂದರು. ಹುಡುಗ ತಿನ್ನಲಿಲ್ಲ. ಮಾವ್ಶಿಯ ದನಿ ಏರಿತು. "ಎರಡು ತುತ್ತಾದರೂ ತಿನ್ನು. ಕೈ ನಡುಗುತ್ತಿದೆ ನೋಡು ನಿನಗೆ." ಇನ್ನೂ ನಾಲ್ಕೈದು ಕಡೆಯಿಂದ ಶ್ ಬಂತು. ಯಾರೋ ಹೋಗಿ ದೂರು ಕೊಟ್ಟಿರಬೇಕು, ಸಣ್ಣ ಟಾರ್ಚ್ ಹಿಡಿದು ಥಿಯೇಟರಿನ ಹುಡುಗಿಯೊಬ್ಬಳು ನಮ್ಮ ಸಾಲಿಗೆ ಬಂದಳು. ಮಾವ್ಶಿ ಅವಳ ಕಡೆ ನೋಡಲೂ ಇಲ್ಲ. ಹುಡುಗಿ ನನ್ನ ಮೇಲೆ ಟಾರ್ಚ್ ಬಿಟ್ಟು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದಳು: "ಮೇಡಂ, ಇವರು ನಿಮ್ಮ ಜೊತೆ ಬಂದವರಾ?"

ಸುತ್ತಲಿನ ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದ್ದವು. ನನ್ನ ಆಫೀಸಿನವರು ಯಾರಾದರೂ ಇದ್ದರೆ ಎಂದು ಒಂದು ಕ್ಷಣ ಅನ್ನಿಸಿತು. ನಾನು ಅಂದೆ, "ಅಲ್ಲ."

ಹೌದು, ಹಾಗೇ ಅಂದೆ. ಈ ಪ್ರಬಂಧದಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಹುಡುಗಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಆಗ ಮಾವ್ಶಿಯ ಆಚೆ ಬದಿಯ ಸೀಟಿನಿಂದ ಒಂದು ದನಿ ಬಂತು. "ಅವರು ನನ್ನ ಜೊತೆ ಬಂದಿದ್ದಾರೆ. ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ."

ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ, ಇದೇ ದೇಶದ ಹುಡುಗ. ಹದಿನೆಂಟೋ ಹತ್ತೊಂಬತ್ತೋ. ಒಬ್ಬನೇ ಬಂದಿದ್ದ. ಕೂದಲು ತೀರ ಗಿಡ್ಡಕ್ಕೆ, ಅವತ್ತೇ ಕತ್ತರಿಸಿದಂತಿತ್ತು. ಟಾರ್ಚಿನ ಹುಡುಗಿ ಸರಿ ಸರ್ ಎಂದು ಹೊರಟುಹೋದಳು. ಮಾವ್ಶಿ ಅವನ ತೊಡೆ ತಟ್ಟಿ ಶುಕ್ರನ್ ಎಂದು ಅರಬ್ಬಿಯಲ್ಲಿ ಥ್ಯಾಂಕ್ಸ್ ಹೇಳಿದವಳು, ಮತ್ತೆ ಪರದೆಯ ಹುಡುಗನ ಊಟದ ಚಿಂತೆಗೆ ಮರಳಿದಳು. ನನ್ನ ಕಡೆ ತಿರುಗಲಿಲ್ಲ.

ಪರದೆಯಲ್ಲಿ ಬೆಳಗಾಯಿತು. ಸೀಟಿ ಊದಿದರು. ಸಿಪಾಯಿಗಳು ಏಣಿ ಹಿಡಿದು ಒಬ್ಬೊಬ್ಬರಾಗಿ ಕಂದಕದಿಂದ ಮೇಲೆ ಹತ್ತತೊಡಗಿದರು. ಆ ಹುಡುಗನ ಸರದಿ ಬರುವಷ್ಟರಲ್ಲಿ ಮಾವ್ಶಿಯ ಪಕ್ಕದ ಸೀಟಿನ ಹುಡುಗ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ನಡೆದ. ಮಾವ್ಶಿ ಅವನ ಬೆನ್ನಿಗೇ ಎದ್ದಳು. ಸಾಲಿನಲ್ಲಿದ್ದವರ ಕಾಲೆಲ್ಲ ತುಳಿದು, ಯಾರದೋ ಪಾಪ್‌ಕಾರ್ನ್ ಚೆಲ್ಲಿ, ಮೂವತ್ತು ವರ್ಷ ವಾರ್ಡಿನಲ್ಲಿ ಓಡಿದ ಓಟವನ್ನೇ ಓಡಿದಳು.

ನಾನು ಹೊರಗೆ ಬಂದಾಗ ಇಬ್ಬರೂ ಟಿಕೆಟ್ ಕೌಂಟರಿನ ಎದುರಿನ ಬೆಂಚಿನಲ್ಲಿ ಕೂತಿದ್ದರು. ಮಾವ್ಶಿ ಅವನ ಮಣಿಕಟ್ಟು ಹಿಡಿದು ತನ್ನ ವಾಚು ನೋಡುತ್ತಿದ್ದಳು. ಅವನಿಗೆ ಹಿಂದಿ ಸ್ವಲ್ಪ ಬರುತ್ತಿತ್ತು, ಇವಳಿಗೆ ಆಸ್ಪತ್ರೆಯ ಅರಬ್ಬಿ ಇತ್ತು.

"ಅವನಿಗೆ ಏನು ಹೇಳುತ್ತಾ ಇದ್ದಿರಿ?" ಹುಡುಗ ಕೇಳಿದ.

"ಯಾರಿಗೆ?"

"ಆ ಸಿಪಾಯಿಗೆ."

"ಊಟ ಮಾಡು ಅಂದೆ."

ಹುಡುಗ ನಕ್ಕ. "ನನ್ನ ಅಮ್ಮನೂ ಒಂದು ವಾರದಿಂದ ಅದನ್ನೇ ಹೇಳುತ್ತಿದ್ದಾಳೆ" ಅಂದ. ಆಮೇಲೆ ಒಂದೊಂದೇ ಹೊರಬಂತು. ಇಲ್ಲಿಯ ಹುಡುಗರಿಗೆ ಆಗಷ್ಟೇ ಸೈನ್ಯದ ಸೇವೆ ಕಡ್ಡಾಯವಾಗಿತ್ತು. ಭಾನುವಾರ ಬೆಳಿಗ್ಗೆ ಅವನು ಶಿಬಿರಕ್ಕೆ ಹೋಗಬೇಕು. ಅಣ್ಣ ಆಗಲೇ ಸೈನ್ಯದಲ್ಲಿದ್ದಾನೆ, ಎರಡು ತಿಂಗಳಿಂದ ಮನೆಗೆ ಬಂದಿಲ್ಲ. ಮನೆಗೆ ಬಂದವರೆಲ್ಲ ಬೆನ್ನು ತಟ್ಟಿ ಅಭಿನಂದಿಸುತ್ತಿದ್ದಾರೆ. ಇವನೂ ಎಲ್ಲರೆದುರು ನಗುತ್ತಿದ್ದಾನೆ. ಅನ್ನ ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

"ಹೆದರಿಕೆ ಆಗುತ್ತದೆ ಅಂತ ಯಾರಿಗೆ ಹೇಳಿದೆ?" ಮಾವ್ಶಿ ಕೇಳಿದಳು.

"ಯಾರಿಗೂ ಇಲ್ಲ. ನಿಮಗೇ ಮೊದಲು."

"ನನಗೆ ಹೇಳಿ ಏನು ಮಾಡುತ್ತೀ? ಅಮ್ಮನಿಗೆ ಹೇಳು. ಅವಳಿಗೆ ಗೊತ್ತಿದೆ, ಆದರೆ ನೀನು ಹೇಳಬೇಕು. ಆಪರೇಷನ್ನಿಗೆ ಹೋಗುವವರಿಗೆಲ್ಲ ನಾನು ಇದನ್ನೇ ಹೇಳುವುದು. ಫೋನ್ ತೆಗಿ."

ಹುಡುಗ ಹಿಂದೆ ಮುಂದೆ ನೋಡಿದ. ನಮ್ಮ ಮಾವ್ಶಿ ತೆಗಿ ಅಂದಮೇಲೆ ತೆಗೆಯದೆ ಇದ್ದವರನ್ನು ನಾನು ಕಂಡಿಲ್ಲ. ಅವನು ಎದ್ದು ಗೋಡೆಯ ಕಡೆ ಮುಖ ಮಾಡಿ ಮಾತಾಡಿದ. ಸ್ವಲ್ಪ ಹೊತ್ತಿಗೆ ಅವನ ಭುಜ ಅಲುಗತೊಡಗಿತು. ಮಾವ್ಶಿ ನೋಡಿಯೂ ನೋಡದವಳಂತೆ ಪರ್ಸಿನಿಂದ ಬಿಸ್ಕತ್ತಿನ ಪೊಟ್ಟಣ ಹುಡುಕಿದಳು. ಕೊನೆಗೆ ಅವನು ಫೋನನ್ನು ಮಾವ್ಶಿಗೆ ಕೊಟ್ಟ. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದ ಇಬ್ಬರು ಹೆಂಗಸರು ಹದಿನೈದು ನಿಮಿಷ ಮಾತಾಡಿದರು.

"ಏನು ಮಾತಾಡಿದಿರಿ?" ಎಂದು ಟ್ಯಾಕ್ಸಿಯಲ್ಲಿ ಕೇಳಿದೆ.

"ಸಾಕ್ಸಿನ ವಿಷಯ. ನಾಲ್ಕು ಜೊತೆ ಹೆಚ್ಚಿಗೆ ಕಟ್ಟಲು ಹೇಳಿದೆ. ಬೂಟಿನಲ್ಲಿ ಕಾಲು ಬೆವರುತ್ತದೆ, ಪೌಡರೂ ಬೇಕು." ಪರ್ಸಿನ ಬಾಯಿ ಮುಚ್ಚುತ್ತ, "ಅವಳೂ ಅಳುತ್ತಿದ್ದಳು" ಅಂದಳು.

ನಾನು ಥಿಯೇಟರಿನ ಮಾತು ಎತ್ತಬೇಕೆಂದು ಬಾಯಿ ತೆರೆದೆ. "ಮಾವ್ಶಿ, ಆಗ ನಾನು..."

"ಎ.ಸಿ. ಜಾಸ್ತಿ ಇದೆ, ಶಾಲು ಹೊದ್ದುಕೋ" ಅಂದಳು.

ತಿಂಗಳುಗಳು ಕಳೆದವು. ಆ ತಾಯಿ ಮಾವ್ಶಿಗೆ ಆಗಾಗ ಫೋನ್ ಮಾಡುತ್ತಿದ್ದಳಂತೆ. ಮಂಡಿನೋವು, ಬಿ.ಪಿ., ಮಗ ಫೋನಿನಲ್ಲಿ ಏನೆಂದ, ಎಲ್ಲ. ಅಣ್ಣ ಕ್ಷೇಮವಾಗಿ ಬಂದ ಸುದ್ದಿಯೂ ಹಾಗೇ ತಿಳಿಯಿತು. ಒಂದು ದಿನ ಮಾವ್ಶಿ ನನಗೆ ಫೋನ್ ಮಾಡಿ, "ಹುಡುಗ ರಜೆಯಲ್ಲಿ ಬಂದಿದ್ದಾನೆ. ಊಟಕ್ಕೆ ಕರೆದಿದ್ದಾರೆ, ನೀನೂ ಬಾ" ಅಂದಳು. ನಾನು ಏನೋ ನೆಪ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಮಿರ್ದಿಫಿನಲ್ಲೇ ಅವರ ವಿಲ್ಲಾ. ಹುಡುಗ ಬಿಸಿಲಿಗೆ ಕಪ್ಪಾಗಿದ್ದ, ಭುಜ ಅಗಲವಾಗಿತ್ತು. ಒಳಗೆ ಬಂದವನೇ ಬಗ್ಗಿ ಮಾವ್ಶಿಯ ಹಣೆಗೆ ಮುತ್ತಿಟ್ಟ. ಅವಳು ಅವನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರವಾಗಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟಳು. ತಾಯಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಪುಟ್ಟ ಲೋಟಗಳಲ್ಲಿ ಕಾಫಿ ಹಾಕುತ್ತಾ ಬಂದು, ಬಾಗಿಲ ಹತ್ತಿರವೇ ನಿಂತಿದ್ದ ನನ್ನನ್ನು ನೋಡಿ, ಇವರು ಯಾರು ಎಂದು ಕೇಳಿದಳು.

ಹುಡುಗ ನನ್ನ ಮುಖ ನೋಡಿದ. ಅವನಿಗೆ ನೆನಪಿತ್ತು. ನಾನು ನೆಲ ನೋಡಿದೆ.

"ಬಿಂತಿ" ಅಂದಳು ಮಾವ್ಶಿ. ನನ್ನ ಮಗಳು.

ಹಾಗೆಂದವಳೇ ಸೋಫಾದಲ್ಲಿ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿದಳು.