ಸಂಕರ್ಷಣಾಚಾರ್ರ ಪಾಸ್‌ವರ್ಡು

ಎಲ್ಲ ಅನಾಹುತಕ್ಕೂ ಮೂಲ ಅನಸೂಯಮ್ಮನವರ ಮರೆವು. ಶ್ರೀನಿವಾಸಪುರದ ಆ ಮಾವಿನ ತಿರುಳಿನ ಕಂಪನಿಯಲ್ಲಿ ಕಡತಗಳೆಲ್ಲ ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆ ಸೇರಿ ತಿಂಗಳಾಗಿತ್ತು. ಅವರವರ ಹೆಸರು, ಪಾಸ್‌ವರ್ಡು ಹಾಕಿದರೆ ಮಾತ್ರ ಅವರವರ ಕಡತ ಕಾಣುತ್ತಿತ್ತು. ಮೂರು ಸಲ ತಪ್ಪಿದರೆ ಬೀಗ. ಬೀಗ ತೆಗೆಯುವ ಪುಣ್ಯಾತ್ಮ ಕೋಲಾರದ ಹೆಡ್ಡಾಫೀಸಿನಲ್ಲಿದ್ದ, ಫೋನು ಮಾತ್ರ ಎತ್ತುತ್ತಿರಲಿಲ್ಲ.

ರೈತರ ಪಟ್ಟಿ ಬರೆಯುವ ಅನಸೂಯಮ್ಮ ಮೊದಲ ದಿನವೇ ಮರೆತು ಬೀಗ ಹಾಕಿಸಿಕೊಂಡರು. ಹೆಡ್ ಕ್ಲಾರ್ಕ್ ಸಂಕರ್ಷಣನ ಹೆಸರಿಗೆ ಎಲ್ಲರ ಕಡತವೂ ತೆರೆಯುತ್ತಿತ್ತು. ಇಲ್ಲ ಅನ್ನಲು ಬಾಯಿ ಬರದ ಪ್ರಾಣಿ, ಪಾಸ್‌ವರ್ಡು ಹೇಳಿಬಿಟ್ಟ. ವಾರದೊಳಗೆ ಲಾರಿ ನೋಡುವ ಕಾಂತರಾಜ್, ಕ್ರೇಟು ಎಣಿಸುವ ಮುನಿಶಾಮಿ ಕೂಡ ಬೀಗ ಹಾಕಿಸಿಕೊಂಡು ಅದರಲ್ಲೇ ಬಾಳ್ವೆ ನಡೆಸತೊಡಗಿದರು. ಪಾಸ್‌ವರ್ಡು ಅವನ ಹೆಂಡತಿಯ ಹೆಸರು, ಹರಿಪ್ರಿಯಾ. ಲಾರಿ ಡ್ರೈವರುಗಳಿಗೂ ಬಾಯಿಪಾಠವಾಗಿತ್ತು.

ಆ ಹರಿಪ್ರಿಯಾ ಮಾಲೂರಿನಲ್ಲಿ ಟೀಚರು. ಆರು ವರ್ಷದಿಂದ ಸಂಕರ್ಷಣ ಶನಿವಾರ ಬಸ್ಸು ಹತ್ತಿ ಸಂಸಾರ ಮಾಡುತ್ತಿದ್ದ. ಕಂಪನಿಯ ಮಾಲೂರು ಶಾಖೆಗೆ ವರ್ಗ ಕೇಳಿ ನಾಲ್ಕು ಅರ್ಜಿ ಹಾಕಿದ್ದ. ಈ ಸಲ ಜನರಲ್ ಮ್ಯಾನೇಜರ್ ಕೋದಂಡರಾಮಪ್ಪನವರು ನೋಡೋಣ ಅಂದಿದ್ದರು.

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಯಾರ ಹೆಸರಿನಲ್ಲಿ ಯಾವ ಕಡತ ತೆರೆದಿದೆ ಅನ್ನುವ ಪಟ್ಟಿ ಹಿಡಿದು ಕೋದಂಡರಾಮಪ್ಪನವರು ಮಧ್ಯಾಹ್ನ ಬರುತ್ತಾರಂತೆ. ಪಾಸ್‌ವರ್ಡು ಬೇರೆಯವರಿಗೆ ಕೊಟ್ಟವರು ಕೆಲಸದಿಂದ ವಜಾ ಎಂಬ ಸುತ್ತೋಲೆ ಸಂಕರ್ಷಣನ ತಲೆಯ ಮೇಲಿನ ಗೋಡೆಗೇ ಅಂಟಿತ್ತು. ಮುನಿಶಾಮಿ ತೆಲುಗಿನಲ್ಲಿ "ಪೋಯಿಂದಿ", ಹೋಯ್ತು, ಎಂದು ಒಂದೇ ಮಾತಿನಲ್ಲಿ ಎಲ್ಲ ಮುಗಿಸಿದ.

ಸಂಕರ್ಷಣ ತಕ್ಷಣ ಪಾಸ್‌ವರ್ಡು ಬದಲಾಯಿಸಿದ. ಈ ಸಲ ಅತ್ತೆಯ ಹೆಸರು, ರಾಧಮ್ಮ. ಅಷ್ಟರಲ್ಲಿ ಯಲ್ದೂರಿನ ಲಾರಿ ಗೇಟಿನಲ್ಲಿ ಹಾರನ್ನು ಒತ್ತಿ ಹಿಡಿಯಿತು. ಕಾಂತರಾಜ್ ಕೈ ಮುಗಿದು, "ಇದೊಂದೇ ಸಲ ಆಚಾರ್ರೇ, ಹಣ್ಣು ಕೊಳೀತದೆ" ಅಂದ. ಹತ್ತು ನಿಮಿಷದಲ್ಲಿ ಅತ್ತೆಯ ಹೆಸರೂ ಆಫೀಸಿಗೆಲ್ಲ ತಿಳಿಯಿತು.

ಕೋದಂಡರಾಮಪ್ಪನವರು ಬಂದು ಕೂತು ಪಟ್ಟಿ ಬಿಡಿಸಿದರು. ಅದು ಮೇಜು ದಾಟಿ ನೆಲ ಮುಟ್ಟಿತು.

"ಇದರಲ್ಲಿ ಇರೋದು ಒಂದೇ ಹೆಸರು ಕಣ್ರೀ. ಸಂಕರ್ಷಣ."

ಸಂಕರ್ಷಣ ತಪ್ಪಾಯಿತು ಅನ್ನಲು ಎದ್ದು ನಿಂತ. ಅವರು ಕೈ ಎತ್ತಿ ತಡೆದರು.

"ರೈತರ ಪಟ್ಟಿ ನೀವೇ, ಲಾರಿ ನೀವೇ, ಕ್ರೇಟೂ ನೀವೇ. ಈ ಮೂರು ಜನ ತಿಂಗಳಿಂದ ಒಂದು ಕಡತಾನೂ ಮುಟ್ಟಿಲ್ಲ. ಒಬ್ಬರೇ ಇಡೀ ಆಫೀಸು ನಡೆಸ್ತಿದೀರ. ಇನ್ನು ಇವರು ಇಲ್ಲಿ ಯಾಕೆ? ಮಾಲೂರಲ್ಲಿ ಜನ ಸಾಲದು. ಸೋಮವಾರದಿಂದ ಮೂವರೂ ಅಲ್ಲಿಗೆ."

ಸಂಕರ್ಷಣ ನನ್ನ ಅರ್ಜಿ ಅಂತ ತೊದಲಿದ. ನಿಮ್ಮನ್ನು ಕಳಿಸಿದರೆ ಈ ಆಫೀಸಿಗೆ ಬೀಗ ಹಾಕಬೇಕಾಗುತ್ತದೆ, ರಿಟೈರಾಗುವವರೆಗೂ ನಿಮ್ಮನ್ನು ಇಲ್ಲಿಂದ ಅಲ್ಲಾಡಿಸುವುದಿಲ್ಲ ಎಂದು ಅವರು ಬೆನ್ನು ತಟ್ಟಿದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಾಲೂರು ಹೋಗುತ್ತದೆ. ಸಂಕರ್ಷಣ ನೆಲ ಮುಟ್ಟಿದ್ದ ಪಟ್ಟಿಯನ್ನು ಸುತ್ತಿ ಅವರ ಕೈಗೆ ಕೊಟ್ಟ.

ಕಾರು ಹೊರಟ ಮೇಲೆ ಮೂವರೂ ಅವನನ್ನು ಸುತ್ತುಗಟ್ಟಿದರು. ಅನಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಂತರಾಜ್ ಅವನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಕೇಳಿದ:

"ನಮ್ಮ ಬೀಗ ಇನ್ನೂ ತೆಗೆದಿಲ್ಲ ಆಚಾರ್ರೇ. ಮಾಲೂರಲ್ಲೂ ನಿಮ್ಮ ಹೆಸರೇ ಹಾಕ್ಕೊಳ್ಳೋಣ್ವಾ?"